ನಾಲ್ಕು ಸೀಟಿನ ಕುಟುಂಬ

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಹಯವದನರಾಯರು ಚಹಾದ ಲೋಟವನ್ನು ಕೀಬೋರ್ಡಿನಿಂದ ಒಂದು ಗೇಣು ದೂರದಲ್ಲಿಟ್ಟು, ಕನ್ನಡಕ ಒರೆಸಿಕೊಂಡು, ತಮ್ಮ ಗೂಡ್ಸ್ ರೈಲನ್ನು ಹತ್ತಲು ಹೋದರೆ ಕಂಪ್ಯೂಟರ್ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಬಂತು: ‘ಈ ಆಟವನ್ನು ಸದ್ಯ ನಿಮ್ಮ ಕುಟುಂಬದ ಸದಸ್ಯರೊಬ್ಬರು ಆಡುತ್ತಿದ್ದಾರೆ.’

ಮನೆಯಲ್ಲಿದ್ದವರು ಇಬ್ಬರೇ. ಹೆಂಡತಿ ವತ್ಸಲಾ ಕೆಳಗೆ ಅಡುಗೆಮನೆಯಲ್ಲಿದ್ದರು. ರಾಯರು ಮಹಡಿಯಿಂದಲೇ ಕೂಗಿದರು.

“ವತ್ಸಲಾ, ನೀ ಏನರ ನನ್ನ ಟ್ರೇನ್ ಓಡಸ್ಲಿಕತ್ತೀಯೇನು?”

“ಚಟ್ನಿ ಮಾಡ್ತಿದೀನಿ ಕಣ್ರೀ!”

“ಹಂಗಾದ್ರ ಯಾರು ಓಡಸ್ಲಿಕತ್ತಾರ?”

ಮಿಕ್ಸಿ ತಿರುಗತೊಡಗಿತು.

ಹಯವದನರಾಯರದು ಲಿಫ್ಟು ತಪಾಸಣೆಯ ಕೆಲಸ. ನೇಪರ್‌ವಿಲ್‌ನಲ್ಲಿ ಮನೆ, ಶಿಕಾಗೊ ಸುತ್ತಲಿನ ಆಸ್ಪತ್ರೆ, ಕಚೇರಿ, ಅಪಾರ್ಟ್‌ಮೆಂಟುಗಳ ಲಿಫ್ಟುಗಳಿಗೆಲ್ಲ ಅವರ ಸಹಿ ಬೇಕು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಒಂದು ಕಾಗದಕ್ಕೂ ಅವರು ಸಹಿ ಹಾಕಿದವರಲ್ಲ. ಒಮ್ಮೆ ಓಕ್ ಬ್ರೂಕ್‌ನ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟು ನೆಲಮಟ್ಟಕ್ಕಿಂತ ಅರ್ಧ ಇಂಚು ಮೇಲೆ ನಿಲ್ಲುತ್ತದೆಂದು ಅದಕ್ಕೆ ಬೀಗ ಜಡಿದು ಬಂದಿದ್ದರು. ಆ ಕಂಪನಿಯ ದೊಡ್ಡ ಅಧಿಕಾರಿ ಒಂದು ವಾರ ಹನ್ನೊಂದು ಮಹಡಿ ಹತ್ತಿ ಇಳಿದು, ಕೊನೆಗೆ ಇವರಿಗೆ ಫೋನು ಮಾಡಿ ತೂಕ ಇಳಿದಿದೆಯೆಂದು ಧನ್ಯವಾದ ಹೇಳಿದ್ದ. ಜತೆಯವರು ಅವರ ಹೆಸರನ್ನು ಮೊಟಕು ಮಾಡಿ ‘ಹೇ’ ಎನ್ನುತ್ತಿದ್ದರು. ಹೀಗಾಗಿ ಯಾರು ಯಾರನ್ನು ಕರೆದರೂ ರಾಯರೇ ತಿರುಗಿ ನೋಡುತ್ತಿದ್ದರು.

ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ತಂದೆ ಗೂಡ್ಸ್ ರೈಲಿನ ಗಾರ್ಡು. ಹಯವದನನಿಗೆ ಡ್ರೈವರ್ ಆಗುವ ಹುಚ್ಚು. ವೈದ್ಯಕೀಯ ಪರೀಕ್ಷೆಯಲ್ಲಿ ಎಡಗಣ್ಣು ಮಂದವೆಂದು ವಾಪಸು ಕಳಿಸಿದರು. ಆಮೇಲೆ ಇಂಜಿನಿಯರಿಂಗ್ ಓದಿ, ಲಿಫ್ಟಿನ ಕಂಪನಿ ಸೇರಿ, ಅಮೆರಿಕಕ್ಕೆ ಬಂದದ್ದಾಯಿತು. “ಲಿಫ್ಟೂ ರೈಲs. ನೆಟ್ಟಗ ನಿಂತೈತಿ, ಅಷ್ಟs” ಎಂದು ಸಮಾಧಾನ ಮಾಡಿಕೊಂಡಿದ್ದರು.

ಎರಡು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆಗಿ ಆರು ವಾರ ಕುಳಿತಲ್ಲೇ ಇರಬೇಕಾಗಿ ಬಂದಾಗ ಮಗಳು ಜಾನ್ವಿ ಅವರಿಗೆ ಈ ಆಟವನ್ನು ಹಾಕಿಕೊಟ್ಟಿದ್ದಳು. ಜಾನ್ವಿ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದು ಕಾರು ಕಂಪನಿಯೊಂದರಲ್ಲಿ ಸೀಟ್‌ಬೆಲ್ಟಿನ ವಿನ್ಯಾಸ ಮಾಡುತ್ತಿದ್ದಳು. ಆಟ ಬರುವುದು ಡಬ್ಬಿಯಲ್ಲಲ್ಲ. ಇಂಟರ್ನೆಟ್ಟಿನ ಆಟದಂಗಡಿಯಲ್ಲಿ ರಾಯರ ಹೆಸರಿನಲ್ಲೇ ಕೊಂಡದ್ದು. ಅದೇ ಅಂಗಡಿಯಲ್ಲಿ ‘ಕುಟುಂಬ’ ಎಂಬ ಏರ್ಪಾಡಿತ್ತು. ಒಂದು ಕುಟುಂಬಕ್ಕೆ ನಾಲ್ಕು ಸೀಟು. ಒಬ್ಬರು ಕೊಂಡ ಆಟವನ್ನು ನಾಲ್ವರೂ ಆಡಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ. ಜಾನ್ವಿ ಅಪ್ಪನ ಜತೆ ಅಮ್ಮನನ್ನೂ ತನ್ನನ್ನೂ ಸೇರಿಸಿ, ಸದಸ್ಯರನ್ನು ಸೇರಿಸುವ ಅಧಿಕಾರವನ್ನು ತನ್ನ ಕೈಯಲ್ಲೂ ಇಟ್ಟುಕೊಂಡಿದ್ದಳು. ತೆಗೆಯುವ ಅಧಿಕಾರ ಮಾತ್ರ ಕುಟುಂಬದ ಯಜಮಾನರಾದ ರಾಯರೊಬ್ಬರದೇ.

ರೈಲಿನ ಆಟವೆಂದರೆ ಗುಂಡು ಹಾರುವ ಆಟವಲ್ಲ. ಗುಡ್ಡಗಾಡಿನಲ್ಲಿ ನೂರಾರು ಮೈಲಿ ಹಳಿ, ಕಲ್ಲಿದ್ದಲು ತುಂಬಿದ ನೂರಹತ್ತು ವ್ಯಾಗನ್ನು, ನಿಜವಾದ ರೈಲಿನಷ್ಟೇ ನಿಧಾನ. ಏಳೆಂಟು ತಾಸು ಕಿಟಕಿಯಾಚೆ ಪೈನ್ ಮರಗಳು ಹಿಂದೆ ಸರಿಯುವುದನ್ನು ನೋಡುತ್ತ ಕೂರಬೇಕು. ಒಂದು ಪ್ರತಿಗೆ ಒಂದೇ ರೈಲ್ವೆ. ಒಬ್ಬರು ಎಲ್ಲಿ ಇಳಿಯುತ್ತಾರೋ ಮತ್ತೊಬ್ಬರು ಅಲ್ಲಿಂದಲೇ ಹತ್ತಬೇಕು. ಲೂಪಿನಲ್ಲಿ, ಅಂದರೆ ರೈಲು ನಿಲ್ಲುವ ಪಕ್ಕದ ಹಳಿಯಲ್ಲಿ ನಿಲ್ಲಿಸಿ ಇಳಿದರೆ ಸರಿ. ಇಳಿಜಾರಿನಲ್ಲಿ ಬಿಟ್ಟು ಎದ್ದರೆ ರೈಲು ಉರುಳಿ ಕಣಿವೆ ಸೇರುತ್ತದೆ. ಜಾನ್ವಿ ಒಮ್ಮೆ ಇಪ್ಪತ್ತು ನಿಮಿಷ ಓಡಿಸಿ ನಿದ್ದೆ ಹೋಗಿದ್ದಳು. ವತ್ಸಲಾ ಆ ಕಡೆ ತಲೆಯೇ ಹಾಕಿರಲಿಲ್ಲ. ಅವರದು ಬಣ್ಣದ ಬಿಲ್ಲೆ ಜೋಡಿಸುವ ಆಟ.

ಆ ಶನಿವಾರ ರಾಯರು ಎರಡು ತಾಸು ಕಾದು, ರೈಲು ತೆರವಾದ ಮೇಲೆ ಹತ್ತಿ ನೋಡಿದರು. ಹಿಂದಿನ ವಾರ ಗುಡ್ಡದ ಬುಡದಲ್ಲಿ ನಿಲ್ಲಿಸಿ ಹೋಗಿದ್ದ ಗಾಡಿ ನೆತ್ತಿಯ ಮೇಲಿನ ಲೂಪಿನಲ್ಲಿ ನಿಂತಿತ್ತು. ಆಟದೊಳಗಿನ ಡ್ರೈವರ್ ಡೈರಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು: ‘ಬ್ರೇಕ್ ಪರೀಕ್ಷಿಸಿದ್ದೇನೆ. ಮೂವತ್ತನೇ ವ್ಯಾಗನ್ನಿನಲ್ಲಿ ಗಾಳಿ ಸೋರುತ್ತಿದೆ. ಹ್ಯಾಂಡ್‌ಬ್ರೇಕ್ ಹಾಕಿದೆ. ಇಳಿಯುವಾಗ ಹನ್ನೆರಡು ಮೈಲಿ ವೇಗ ಮೀರಬೇಡಿ.’ ಕೆಳಗೆ ಹೆಸರು, ಸುಶಾಂತ.

ಮನೆ ಹೊಕ್ಕ ಕಳ್ಳನ ಮೇಲೆ ಬರಬೇಕಾದ ಸಿಟ್ಟು ರಾಯರಿಗೆ ಬರಲಿಲ್ಲ. ಕೈಕೆಳಗಿನ ಹುಡುಗರಿಗೆ ಇಂಥ ನಾಲ್ಕು ಸಾಲು ಬರೆಯಿರೆಂದು ಇಪ್ಪತ್ತನಾಲ್ಕು ವರ್ಷ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ಮಗಳಿಗೆ ಫೋನು ಮಾಡಿದರು.

“ಜಾನ್ವಿ, ಈ ಸುಶಾಂತ ಅಂದ್ರ ಯಾರು?”

“ಫ್ರೆಂಡ್, ಅಪ್ಪ.”

“ಮೂವತ್ತನೇ ವ್ಯಾಗನ್ ಸೋರತೈತಿ ಅಂತ ಹೆಂಗ ಗೊತ್ತಾತು ಅವಗ?”

ವತ್ಸಲಾ ಫೋನು ಕಸಿದುಕೊಂಡರು. ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಅವರಿಗೆ ಯಾರಿಗೆ ಏನಾಗಿದೆಯೆಂದು ಎರಡು ಮಾತಿನಲ್ಲಿ ತಿಳಿದುಕೊಳ್ಳುವುದು ಅಭ್ಯಾಸ. ಐದು ನಿಮಿಷದಲ್ಲಿ ಎಲ್ಲ ಹೊರಗೆ ಬಂತು. ಸುಶಾಂತನೆಂದರೆ ಡೆಟ್ರಾಯಿಟ್ ಹತ್ತಿರದ ಟ್ರಾಯ್ ಊರಿನ ಕನ್ನಡದವರ ಮನೆಯ ಹುಡುಗ. ತಂದೆತಾಯಿ ಕಲಬುರ್ಗಿ ಕಡೆಯವರು. ಜಾನ್ವಿಯೂ ಅವನೂ ಹನ್ನೊಂದು ತಿಂಗಳಿಂದ ಓಡಾಡಿಕೊಂಡಿದ್ದಾರೆ. ಮನೆಯಲ್ಲಿ ಹೇಳುವುದಕ್ಕೆ ಮೊದಲೇ ಅವಳು ಅವನನ್ನು ನಾಲ್ಕನೇ ಸೀಟಿಗೆ ಹಾಕಿಬಿಟ್ಟಿದ್ದಾಳೆ.

“ನೋಡಿದ್ರಾ? ಕಂಪ್ಯೂಟರ್ ಮನೆ ತುಂಬಿಸಿಕೊಂಡು ಆಗಿದೆ, ನಮಗೇ ಇನ್ನೂ ಗೊತ್ತಿಲ್ಲ” ಎಂದರು ವತ್ಸಲಾ.

ರಾಯರು ಆಗಲೇ ಡೈರಿಯಲ್ಲಿ ಉತ್ತರ ಬರೆಯುತ್ತಿದ್ದರು. ‘ಸೋರುವಿಕೆ ಗಮನಿಸಿದೆ. ಸರಿಪಡಿಸಿದೆ. ಹಯವದನ.’

ಮುಂದಿನ ನಾಲ್ಕೈದು ತಿಂಗಳು ಮಾವನಾಗಬಹುದಾದವರೂ ಅಳಿಯನಾಗಬಹುದಾದವನೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ರೈಲು ಓಡಿಸಿದರು. ಪಾಳಿ ಹಾಕಿಕೊಂಡರು. ಮೊದಲ ವಾರ ಪಾಳಿ ತಪ್ಪಿತು. ಡೆಟ್ರಾಯಿಟ್ ಗಡಿಯಾರ ಶಿಕಾಗೊ ಗಡಿಯಾರಕ್ಕಿಂತ ಒಂದು ಗಂಟೆ ಮುಂದಲ್ಲವೆ, ಎರಡು ಗಂಟೆಗೆ ಎಂದರೆ ಯಾರ ಎರಡು? ಡಿಪೋ ನೇಪರ್‌ವಿಲ್‌ನಲ್ಲಿರುವುದರಿಂದ ನೇಪರ್‌ವಿಲ್ ಗಡಿಯಾರವೇ ರೈಲ್ವೆ ಟೈಮ್ ಎಂದು ತೀರ್ಮಾನವಾಯಿತು. ಸುಶಾಂತ ಟ್ರಾಯ್‌ನ ತನ್ನ ಮೇಜಿನ ಮೇಲೆ ಆ ಸಮಯಕ್ಕಾಗಿಯೇ ಇನ್ನೊಂದು ಗಡಿಯಾರ ಇಟ್ಟುಕೊಂಡ. ಈ ಸುದ್ದಿ ಕೇಳಿ ರಾಯರು ಎರಡು ದಿನ ಹಿಗ್ಗಿನಲ್ಲಿದ್ದರು.

ಮಾರ್ಚಿನಲ್ಲಿ ಜಾನ್ವಿ ಫೋನು ಮಾಡಿ, ತಾನು ಸುಶಾಂತನನ್ನು ಬಿಟ್ಟಿದ್ದಾಗಿ ಹೇಳಿದಳು. ಏಕೆಂದು ಹೇಳಲಿಲ್ಲ. “ಪ್ಲೀಸ್ ಅಪ್ಪ, ಅವನನ್ನ ಫ್ಯಾಮಿಲಿಯಿಂದ ತೆಗೆದುಬಿಡಿ. ನನಗೆ ಅವನ ಹೆಸರು ಆ ಲಿಸ್ಟ್‌ನಲ್ಲಿ ನೋಡೋಕಾಗಲ್ಲ.”

ರಾಯರು ಆಗಲೆಂದರು. ತೆಗೆಯುವ ಮೊದಲು ಅಂಗಡಿಯ ನಿಯಮಗಳನ್ನು ಓದಲು ಕುಳಿತರು. ನಲವತ್ತೊಂದು ಪುಟ. ಅದನ್ನು ಬರೆದ ವಕೀಲರನ್ನು ಬಿಟ್ಟರೆ ಪೂರ್ತಿ ಓದಿದವರು ಬಹುಶಃ ಅವರೊಬ್ಬರೇ. ಇಪ್ಪತ್ತಮೂರನೆಯ ಪುಟದಲ್ಲಿ ಹೀಗಿತ್ತು: ಕುಟುಂಬದಿಂದ ಹೊರಬಿದ್ದವರ ಸೀಟು ಮುನ್ನೂರ ಅರವತ್ತೈದು ದಿನ ಖಾಲಿಯೇ ಉಳಿಯಬೇಕು, ಹೊರಬಿದ್ದವರು ಅಷ್ಟೇ ದಿನ ಬೇರಾವ ಕುಟುಂಬಕ್ಕೂ ಸೇರುವಂತಿಲ್ಲ.

“ಒಂದು ವರ್ಷ ಅನಾಥ ಆಗ್ತಾನ ಅವ” ಎಂದರು ಹೆಂಡತಿಗೆ.

“ಟ್ರಾಯ್‌ನಲ್ಲಿ ಅಪ್ಪ ಅಮ್ಮ ಇದಾರೆ ಕಣ್ರೀ ಅವನಿಗೆ.”

“ಅವರ ಕಡೆ ಆಟ ಇಲ್ಲಲ್ಲ. ಮ್ಯಾಲೆ, ಗಾಡಿ ಈಗ ನಟ್ಟನಡುವ ಗುಡ್ಡದಾಗ ನಿಂತೈತಿ. ಇಳಸವರು ಯಾರು?”

ಹೀಗೆ ತೆಗೆಯುವುದು ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಹೋಯಿತು. ಮಗಳು ಕೇಳಿದಾಗಲೆಲ್ಲ “ಪ್ರೊಸೆಸ್‌ನಾಗೈತಿ” ಎನ್ನುತ್ತಿದ್ದರು. ಅವರು ಆಡಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದ್ದರಿಂದ ಪ್ರತಿಸಲ ಕೆಮ್ಮು ಬರುತ್ತಿತ್ತು.

ಮೇ ತಿಂಗಳಲ್ಲಿ ಅಂಗಡಿಯಿಂದ ಮೇಲ್ ಬಂತು. ಕುಟುಂಬದ ಯಜಮಾನರು ಹದಿನೈದು ದಿನದೊಳಗೆ ಒಂದು ಚೌಕಕ್ಕೆ ಟಿಕ್ ಹಾಕಬೇಕು, ತಪ್ಪಿದರೆ ಕುಟುಂಬ ವಿಸರ್ಜನೆಯಾಗುತ್ತದೆ. ಚೌಕದ ಪಕ್ಕದಲ್ಲಿದ್ದ ಮಾತು ಇಷ್ಟು: ‘ನನ್ನ ಕುಟುಂಬದ ಸದಸ್ಯರೆಲ್ಲರೂ ಒಂದೇ ಮನೆಯಲ್ಲಿ ವಾಸಿಸುತ್ತಾರೆಂದು ದೃಢಪಡಿಸುತ್ತೇನೆ.’

ಬೇರೆ ಯಾರಾದರೂ ಹಲ್ಲುಜ್ಜುತ್ತಲೇ ಟಿಕ್ ಹಾಕಿ ಮುಗಿಸುತ್ತಿದ್ದರು. ರಾಯರಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅಂಗಡಿಯ ಸಹಾಯ ವಿಭಾಗಕ್ಕೆ ಒಂದು ಕಾಗದ ಬರೆದರು: ನನ್ನ ಮಗಳು ಇನ್ನೂರೆಂಬತ್ತು ಮೈಲಿ ದೂರದಲ್ಲಿದ್ದಾಳೆ. ಯುಗಾದಿ, ಗಣೇಶ ಚೌತಿ, ದೀಪಾವಳಿಗೆ ಬರುತ್ತಾಳೆ. ಅವಳ ಮಂಚ, ಪಿಟೀಲು ಮತ್ತು ಹನ್ನೆರಡು ಜೊತೆ ಚಪ್ಪಲಿ ಇಲ್ಲಿವೆ. ಅವಳು ಈ ಮನೆಯಲ್ಲಿ ವಾಸಿಸುತ್ತಾಳೆಯೆ?

ಉತ್ತರ ಮೂರು ನಿಮಿಷದಲ್ಲಿ ಬಂತು. ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ! ಒಂದೇ ಮನೆಯಲ್ಲಿ ವಾಸಿಸುವವರೇ ಒಂದು ಕುಟುಂಬ. ಆಟ ಆನಂದಿಸಿ!’

ರಾಯರು ಇನ್ನೊಂದು ಕಾಗದ ಬರೆದು, ‘ವಾಸಿಸುವುದು’ ಎಂದರೆ ವರ್ಷಕ್ಕೆ ಕನಿಷ್ಠ ಎಷ್ಟು ರಾತ್ರಿ ಎಂದು ಕೇಳಿದರು. ಮತ್ತೆ ಅದೇ ಉತ್ತರ. ಚಪ್ಪಲಿಗಳ ಫೋಟೋ ಲಗತ್ತಿಸಿ ಮೂರನೆಯದನ್ನು ಬರೆದರು. ಅದಕ್ಕೂ ಅದೇ ಉತ್ತರ, ಕೊನೆಯಲ್ಲಿ ನಗುವ ಮುಖವೊಂದು ಹೆಚ್ಚಾಗಿ ಬಂತು.

ಗಡುವಿಗೆ ಇನ್ನು ಒಂಬತ್ತು ದಿನ ಇರುವಾಗ ಡೈರಿಯಲ್ಲಿ ಸುಶಾಂತನ ಸಾಲು ಕಾಣಿಸಿತು: ‘ನಿಮ್ಮ ಊರಿನ ಪಕ್ಕದ ಓಕ್ ಬ್ರೂಕ್‌ನಲ್ಲಿ ಆರು ತಿಂಗಳ ಕೆಲಸ ಸಿಕ್ಕಿದೆ. ಬಾಡಿಗೆ ಕೋಣೆ ಹುಡುಕುತ್ತಿದ್ದೇನೆ. ಈ ಭಾನುವಾರ ಪಾಳಿಗೆ ಬರಲಾಗುವುದಿಲ್ಲ, ಕ್ಷಮಿಸಿ ಸರ್.’

ರಾಯರು ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದರು. “ವತ್ಸಲಾ, ನಮ್ಮ ಬೇಸ್‌ಮೆಂಟ್ ಖಾಲಿ ಐತಲ್ಲ?”

ವಿಷಯ ಪೂರ್ತಿ ಕೇಳಿದ ಮೇಲೆ ವತ್ಸಲಾ ಕೈಯಲ್ಲಿದ್ದ ಸೌಟನ್ನು ಪಕ್ಕಕ್ಕಿಟ್ಟರು. “ಮಗಳು ಬಿಟ್ಟ ಹುಡುಗನ್ನ ತಂದು ಮನೇಲಿ ಇಟ್ಕೋತೀರಾ? ಜನ ಏನಂತಾರೆ? ಜಾನ್ವಿ ಏನಂತಾಳೆ?”

“ಅವ ಇಲ್ಲೆ ಇದ್ರ ನಾ ಬರದದ್ದು ಖರೇ ಆಗತೈತಿ.”

“ಒಂದು ಟಿಕ್‌ಗೋಸ್ಕರ?”

“ಟಿಕ್ ಅಂದ್ರೂ ಸಹೀನs ಅದು.”

ಸುಶಾಂತ ಬಂದ. ಉದ್ದನೆಯ, ನಾಚಿಕೆಯ ಹುಡುಗ. ಕಾರಿನಿಂದ ಮೊದಲು ಇಳಿಸಿದ್ದು ಆ ಎರಡನೆಯ ಗಡಿಯಾರವನ್ನು. ಊಟಕ್ಕೆ ಕುಳಿತಾಗ ವತ್ಸಲಾ ಸುತ್ತಿ ಬಳಸದೆ ಕೇಳಿದರು, “ನಮ್ಮ ಹುಡುಗಿ ನಿನ್ನ ಯಾಕೆ ಬಿಟ್ಲು?”

“ತಪ್ಪು ನಂದೇ ಆಂಟಿ” ಎಂದ ಅವನು. “ಫೆಬ್ರವರಿ ಇಪ್ಪತ್ತೊಂದು, ಅವಳ ಬರ್ತ್‌ಡೇ ಡಿನ್ನರ್. ಏಳು ಗಂಟೆಗೆ ಟೇಬಲ್ ಬುಕ್ ಮಾಡಿದ್ಲು. ನಾನು ಹೋದಾಗ ಒಂಬತ್ತೂವರೆ. ಅವರು ಕುರ್ಚಿ ಎತ್ತಿಡ್ತಿದ್ರು. ಟ್ರೇನ್ ಇಳಿಜಾರಿನಲ್ಲಿತ್ತು, ಬಿಟ್ಟು ಏಳೋ ಹಂಗಿರಲಿಲ್ಲ. ಅವಳಿಗೆ ಅದನ್ನೇ ಹೇಳ್ದೆ. ಹೇಳಬಾರದಿತ್ತು.”

ರಾಯರ ಕೈಯಲ್ಲಿದ್ದ ತುತ್ತು ಬಾಯಿಯ ತನಕ ಬಂದು ನಿಂತಿತು. ಆ ಶನಿವಾರ ಸಂಜೆ ಅವರು ರೈಲನ್ನು ನೆತ್ತಿಯಿಂದ ಇಳಿಸತೊಡಗಿದ್ದಾಗ ಯಾರದೋ ಗೃಹಪ್ರವೇಶಕ್ಕೆ ಹೊತ್ತಾಯಿತೆಂದು ವತ್ಸಲಾ ಅವರನ್ನು ಎಬ್ಬಿಸಿದ್ದರು. ಅವಸರದಲ್ಲಿ ಡೈರಿಯಲ್ಲಿ ಒಂದು ಸಾಲು ಬರೆದು, ಸುಶಾಂತನಿಗೆ ಮೆಸೇಜ್ ಮಾಡಿ, ಮರುಕ್ಷಣವೇ ಅವನು ಹತ್ತುವಂತೆ ಇಳಿದು ಹೋಗಿದ್ದರು. ಸುಶಾಂತ ಈಗ ಆ ಸಾಲಿನ ಮಾತೇ ಎತ್ತಲಿಲ್ಲ. ರಾಯರೂ ಎತ್ತಲಿಲ್ಲ. ಸಾರು ಚೆನ್ನಾಗಿದೆಯೆಂದು ಹೇಳಿ, ಕೆಮ್ಮಿ, ಎದ್ದುಹೋದರು.

ಇನ್ನುಳಿದದ್ದು ಟಿಕ್. ವತ್ಸಲಾ ಮನೆಯಲ್ಲಿದ್ದಾರೆ, ತಾವಿದ್ದಾರೆ, ಸುಶಾಂತ ಈಗ ನಿಜಕ್ಕೂ ಇದ್ದಾನೆ. ಜಾನ್ವಿ ಇಲ್ಲ. ಕಡೆಯ ದಿನ ಬೆಳಿಗ್ಗೆ ಏಳಕ್ಕೆ ರಾಯರು ಮಗಳ ಹೆಸರನ್ನು ಒತ್ತಿ, ‘ತೆಗೆದುಹಾಕು’ ಎಂಬುದನ್ನು ಒತ್ತಿ, ನಿರಾಳವಾಗಿ ಚೌಕಕ್ಕೆ ಟಿಕ್ ಹಾಕಿದರು. ಸಂಜೆ ಅವಳಿಗೆ ಫೋನು ಮಾಡಿ ವಿವರಿಸಿದರಾಯಿತು ಎಂದುಕೊಂಡು ಸ್ಕೋಕಿಯ ಅಪಾರ್ಟ್‌ಮೆಂಟೊಂದರ ಲಿಫ್ಟು ನೋಡಲು ಹೊರಟರು. ಲಿಫ್ಟಿನ ಬಾವಿಗೆ ಇಳಿಯುವಾಗ ಫೋನು ಮೇಲೆ ಪೆಟ್ಟಿಗೆಯಲ್ಲಿಡಬೇಕೆಂಬುದು ನಿಯಮ. ಇಟ್ಟರು.

ಅವರು ಕಾರು ಹತ್ತುವುದರೊಳಗೆ ಅಂಗಡಿಯ ಯಂತ್ರ ಜಾನ್ವಿಗೆ ತಾನಾಗಿಯೇ ಮೇಲ್ ಕಳಿಸಿಯಾಗಿತ್ತು. ‘ಹಯವದನ ಅವರು ನಿಮ್ಮನ್ನು ಕುಟುಂಬದಿಂದ ತೆಗೆದುಹಾಕಿದ್ದಾರೆ. ನೀವು ಇನ್ನು ಮುನ್ನೂರ ಅರವತ್ತೈದು ದಿನ ಯಾವುದೇ ಕುಟುಂಬದ ಸದಸ್ಯರಾಗುವಂತಿಲ್ಲ.’

ಜಾನ್ವಿ ಹದಿನಾಲ್ಕು ಸಲ ಫೋನು ಮಾಡಿದಳು. ಆಮೇಲೆ ಕಚೇರಿಗೆ ರಜೆ ಹೇಳಿ, ಕಾರು ಹತ್ತಿ, ಐ-94 ಹೆದ್ದಾರಿ ಹಿಡಿದಳು. ಹೊಟ್ಟೆಗೆ ಏನೂ ಹಾಕಿಕೊಳ್ಳದೆ ನಾಲ್ಕೂವರೆ ತಾಸು ಡ್ರೈವ್ ಮಾಡಿ, ನೇಪರ್‌ವಿಲ್‌ನ ಮನೆಯ ಬಾಗಿಲು ತೆರೆದು ಒಳಗೆ ಬಂದರೆ, ಮನೆಯಿಂದಲೇ ಕೆಲಸ ಮಾಡುವ ದಿನವಾದ್ದರಿಂದ ಸುಶಾಂತ ಅಡುಗೆಮನೆಯಲ್ಲಿ ಕುಳಿತು ಅವಳ ಅಮ್ಮನಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದ.

ವತ್ಸಲಾ ಒಂದು ವಾರದಿಂದ ಮಗಳಿಗೆ ಹೇಳಬೇಕು, ಇವತ್ತು ಹೇಳಬೇಕು ಎಂದುಕೊಳ್ಳುತ್ತಲೇ ಇದ್ದರು. ಈಗ ಬಾಯಿಗೆ ಬಂದದ್ದು, “ಊಟ ಆಯ್ತೇನೇ?”

“ಇವನು ಯಾಕಿದಾನೆ ಇಲ್ಲಿ?”

“ಕೆಳಗಡೆ ಇದಾನಮ್ಮ.”

“ಕೆಳಗಡೆ ಅಂದ್ರೆ?”

“ಬೇಸ್‌ಮೆಂಟ್‌ನಲ್ಲಿ. ವಾಸ.”

ಜಾನ್ವಿ ಕೈಚೀಲ ಹೆಗಲಲ್ಲಿ ಹಾಕಿಕೊಂಡೇ ಮಹಡಿ ಮೆಟ್ಟಿಲ ಮೇಲೆ ಕುಳಿತಳು. ರಾಯರು ಬಂದದ್ದು ನಾಲ್ಕು ಗಂಟೆಗೆ. ಮನೆ ಮುಂದೆ ಮಗಳ ಮಿಶಿಗನ್ ನಂಬರಿನ ಕಾರು ನೋಡಿ ಖುಷಿಯಿಂದಲೇ ಒಳಗೆ ಬಂದರು. ಮಗಳು ಫೋನನ್ನು ಅವರ ಮುಖಕ್ಕೆ ಹಿಡಿದಳು.

“ಅಪ್ಪ, ನೀವು ನನ್ನನ್ನ ಫ್ಯಾಮಿಲಿಯಿಂದ ತೆಗೆದಿದೀರ.”

“ಅದು ಆಟದ ಫ್ಯಾಮಿಲಿ, ಅವ್ವಿ.”

“ನಾನು ಬ್ರೇಕಪ್ ಮಾಡಿದ್ದು ಅವನ ಜೊತೆ. ನೀವು ಅವನನ್ನ ಇಟ್ಕೊಂಡು ನನ್ನನ್ನ ತೆಗೆದ್ರಿ. ಇಟ್ಸ್ ಇನ್ ರೈಟಿಂಗ್!”

ರಾಯರಿಗೆ ಆ ಕೊನೆಯ ಮಾತು ನಾಟಿತು. ಜೀವಮಾನವಿಡೀ ಬರಹದಲ್ಲಿದ್ದದ್ದನ್ನೇ ನಂಬಿದವರು ಅವರು. ಮೇಲ್ ತೆಗೆದುಕೊಂಡು ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. ತಮ್ಮ ಹೆಸರು, ಮಗಳ ಹೆಸರು, ನಡುವೆ ಆ ಕ್ರಿಯಾಪದ. ತಪಾಸಣೆಗೆ ಬಂದ ಕಾಗದವಾಗಿದ್ದರೆ ಅದರಲ್ಲಿ ಒಂದು ದೋಷವನ್ನೂ ಅವರು ಕಂಡುಹಿಡಿಯಲಾಗುತ್ತಿರಲಿಲ್ಲ.

“ನೀ ಇಲ್ಲಿ ಇರಂಗಿಲ್ಲಲ್ಲ... ನಾ ಸುಳ್ಳು ಬರಿಯೂದು ಹೆಂಗ?” ಎಂದರು. ಹೇಳುವಾಗಲೇ ಧ್ವನಿ ಸಣ್ಣದಾಯಿತು.

“ಎರಡೂವರೆ ಗಂಟೆ ಕಾದಿದ್ದೆ ಅಪ್ಪ ನಾನು, ಇವನಿಗೋಸ್ಕರ. ಒಬ್ಬಳೇ. ವೇಟರ್ ಮೂರು ಸಲ ಬ್ರೆಡ್ ತಂದಿಟ್ಟ. ಇಂಥವನನ್ನ ನೀವು—”

“ಅದು ನನ್ನ ತಪ್ಪು” ಎಂದರು ರಾಯರು.

ಮಹಡಿಗೆ ಹೋಗಿ ಕಂಪ್ಯೂಟರ್ ಹಚ್ಚಿದರು. ಉಳಿದ ಮೂವರೂ ಹಿಂದೆ ಬಂದು ನಿಂತರು. ಡೈರಿಯಲ್ಲಿ ಫೆಬ್ರವರಿ ಇಪ್ಪತ್ತೊಂದರ ಪುಟಕ್ಕೆ ಹೋಗಿ ಕುರ್ಚಿಯಿಂದ ಎದ್ದರು. ಜಾನ್ವಿ ಬಗ್ಗಿ ಓದಿದಳು: ‘ನಾನು ತುರ್ತಾಗಿ ಇಳಿಯಬೇಕಾಗಿದೆ. ಬ್ರೇಕಿನಲ್ಲಿ ಗಾಳಿ ಕಡಿಮೆ. ಏನೇ ಆಗಲಿ, ಕೆಳಗಿನ ಲೂಪ್ ಮುಟ್ಟುವ ತನಕ ಬಿಟ್ಟು ಏಳಬೇಡ. ಹಯವದನ.’ ಕೆಳಗೆ ಸುಶಾಂತನದು: ‘ಆಗಲಿ ಸರ್.’

“ಅವತ್ತು ನನ್ನ ಬರ್ತ್‌ಡೇ ಅಂತ ಗೊತ್ತಿತ್ತಲ್ಲ ನಿಮಗೆ.”

“ಮುಂಜಾನೆ ಫೋನ್ ಮಾಡಿದ್ನಲ್ಲ” ಎಂದು ರಾಯರು ಹೇಳಿಬಿಟ್ಟು, ಹೇಳಬಾರದಿತ್ತು ಎಂದುಕೊಂಡರು.

ಜಾನ್ವಿ ಸುಶಾಂತನ ಕಡೆ ತಿರುಗಿದಳು. “ಅಪ್ಪನ ಆರ್ಡರ್ ಅಂತ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನೀನು ಅಂಕಲ್‌ಗೆ ಬೈತಿದ್ದೆ” ಎಂದ ಅವನು. “ಅಲ್ದೆ, ಗಾಡಿ ನಿಜವಾಗ್ಲೂ ಉರುಳಿಹೋಗ್ತಿತ್ತು.”

ಅವಳು ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ಅದು ನಗುವಾಗಿಯೂ ಉಳಿಯಲಿಲ್ಲ. ವತ್ಸಲಾ ಅವಳ ಬೆನ್ನು ಸವರಿದರು. ಸುಶಾಂತನಿಗೆ ನೋಡಲಾಗಲಿಲ್ಲ. ಏನಾದರೂ ತ್ಯಾಗ ಮಾಡಬೇಕೆನ್ನಿಸಿ ಫೋನು ತೆಗೆದು, “ನನ್ನ ಸೀಟ್ ನೀನು ತಗೋ” ಎಂದು ‘ಕುಟುಂಬ ತೊರೆಯಿರಿ’ ಎಂಬುದನ್ನು ಒತ್ತಿಬಿಟ್ಟ.

“ಒತ್ತಬ್ಯಾಡ!” ಎಂದು ರಾಯರು ಕೂಗುವಷ್ಟರಲ್ಲಿ ಆಗಿಹೋಗಿತ್ತು. ಇಪ್ಪತ್ತಮೂರನೆಯ ಪುಟ ಓದಿದ್ದವರು ಅವರೊಬ್ಬರೇ. ಪರದೆಯ ಮೇಲೆ ನಾಲ್ಕನೆಯ ಸೀಟಿನ ಮೇಲೂ ಬೀಗದ ಚಿತ್ರ ಮೂಡಿತು. ಪಕ್ಕದಲ್ಲಿ ಮುನ್ನೂರ ಅರವತ್ತೈದು.

ವತ್ಸಲಾ ಪರದೆಯನ್ನು ನೋಡಿ ಹೇಳಿದರು, “ಚೆನ್ನಾಗಿದೆ. ಮನೇಲಿ ನಾಲ್ಕು ಜನ, ಕುಟುಂಬದಲ್ಲಿ ಇಬ್ಬರು. ಕೆಳಗೆ ಬನ್ನಿ, ಅನ್ನ ತಣ್ಣಗಾಗ್ತಿದೆ.”

ಅಂದು ನಾಲ್ವರೂ ಒಂದೇ ಮೇಜಿಗೆ ಕುಳಿತು ಬೆಳ್ಳುಳ್ಳಿ ಒಗ್ಗರಣೆಯ ಸಾರು ಉಂಡರು. ಜಾನ್ವಿ ಮೂರು ದಿನ ಇದ್ದು ಹೋದಳು. ಹೋಗುವ ಮುನ್ನ ಅಪ್ಪನಿಂದ ಒಂದು ಕಾಗದ ಬರೆಸಿಕೊಂಡಳು. ಲಿಫ್ಟಿನ ಸರ್ಟಿಫಿಕೇಟು ಬರೆಯುವ ಅದೇ ಅಚ್ಚುಕಟ್ಟು ಅಕ್ಷರದಲ್ಲಿ ರಾಯರು ಬರೆದುಕೊಟ್ಟರು: ‘ಜಾನ್ವಿ ನನ್ನ ಮಗಳು. ಎಲ್ಲಿ ವಾಸಿಸಿದರೂ ಮಗಳೇ. ಇದಕ್ಕೆ ಅವಧಿ ಇಲ್ಲ.’ ಕೆಳಗೆ ಸಹಿ, ತಾರೀಖು, ಲೈಸೆನ್ಸ್ ನಂಬರು.

ಅಂಗಡಿಗೆ ಇನ್ನೂ ಏಳು ಕಾಗದ ಹೋದವು. ಏಳಕ್ಕೂ ನಗುವ ಮುಖವೇ ಬಂತು. ರಾಯರು ಒಬ್ಬರೇ ರೈಲು ಓಡಿಸಿದರು. ಬೇಸ್‌ಮೆಂಟಿನಲ್ಲೇ ಇದ್ದ ಸುಶಾಂತ ಮಹಡಿಗೆ ಬಂದು, ನಿಯಮ ಮುರಿಯಬಾರದೆಂದು ಕೈ ಹಿಂದೆ ಕಟ್ಟಿಕೊಂಡು, ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದ.

ಜುಲೈನಲ್ಲಿ ಅಂಗಡಿಯ ಬೇಸಿಗೆ ರಿಯಾಯಿತಿ ಬಂದಾಗ ಜಾನ್ವಿ ಆ ಆಟದ ಸ್ವಂತ ಪ್ರತಿಯೊಂದನ್ನು ಕೊಂಡಳು. ಇಷ್ಟವಾಗಿಯಲ್ಲ, ಹಟಕ್ಕೆ. “ಇನ್ನು ನನ್ನನ್ನ ಯಾರೂ ತೆಗೆಯೋಕಾಗಲ್ಲ” ಎಂದಳು. ಅದೇ ವಾರ ಸುಶಾಂತನೂ ಒಂದು ಕೊಂಡ. ಆಮೇಲೆ ಜಾನ್ವಿಯೇ ಕಂಡುಹಿಡಿದದ್ದು: ಸ್ವಂತ ಪ್ರತಿ ಇದ್ದವರು ಒಂದೇ ಹಳಿಯ ಮೇಲೆ ಒಟ್ಟಿಗೆ ಓಡಿಸಬಹುದು. ಒಬ್ಬರು ಮುಂದಿನ ಇಂಜಿನ್ನು, ಒಬ್ಬರು ಹಿಂದಿನಿಂದ ನೂಕುವ ಇಂಜಿನ್ನು, ಮತ್ತೊಬ್ಬರು ಸಿಗ್ನಲ್ ಕೊಠಡಿ. ಒಂದು ಪ್ರತಿಯನ್ನು ಹಂಚಿಕೊಳ್ಳುವ ಕುಟುಂಬಕ್ಕೆ ಈ ಸೌಲಭ್ಯವಿಲ್ಲ. ಅದು ಮೂವತ್ತೆಂಟನೆಯ ಪುಟದಲ್ಲಿತ್ತು. ಓದಿದ್ದ ರಾಯರು ಅದನ್ನು ತಮಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟಿದ್ದರು.

ನವೆಂಬರ್ ಹೊತ್ತಿಗೆ ಸುಶಾಂತ ಕೆಲಸ ಮುಂದುವರಿದು ಸ್ಕೋಕಿಯಲ್ಲಿ ಅಪಾರ್ಟ್‌ಮೆಂಟು ಹಿಡಿದಿದ್ದ. ಮತ್ತೆ ಅವನನ್ನು ಒಪ್ಪುವ ಬಗ್ಗೆ ಜಾನ್ವಿ ಏನನ್ನೂ ಹೇಳಿರಲಿಲ್ಲ. ವತ್ಸಲಾ ಕೇಳಿದರೆ “ಅಮ್ಮಾ, ಪ್ರೊಸೆಸ್‌ನಲ್ಲಿದೆ” ಎನ್ನುತ್ತಿದ್ದಳು. ಆದರೆ ಭಾನುವಾರ ಮಧ್ಯಾಹ್ನ ಮಾತ್ರ ಮೂವರೂ ಹಾಜರಾಗುತ್ತಿದ್ದರು: ರಾಯರು ನೇಪರ್‌ವಿಲ್‌ನಿಂದ ಮುಂದಿನ ಇಂಜಿನ್ನು, ಸುಶಾಂತ ಸ್ಕೋಕಿಯಿಂದ ಹಿಂದಿನ ಇಂಜಿನ್ನು, ಜಾನ್ವಿ ಕ್ಯಾಂಟನ್‌ನಿಂದ ಸಿಗ್ನಲ್ಲು. ಅವಳು ಸುಶಾಂತನ ಜತೆ ರೈಲಿನ ಮಾತಷ್ಟೇ ಆಡುತ್ತಿದ್ದಳು. “ಹಿಂದಿನ ಇಂಜಿನ್, ನೂಕಿ.” “ಹಿಂದಿನ ಇಂಜಿನ್, ಸಾಕು.”

ಒಂದು ಭಾನುವಾರ ಗುಡ್ಡದ ಕೆಳಗಿನ ಲೂಪಿನಲ್ಲಿ ಅವಳು ಕೆಂಪು ಕೊಟ್ಟು, “ನಾನು ಲಂಚ್ ಮಾಡಿ ಬರ್ತೀನಿ” ಎಂದು ಎದ್ದುಹೋದಳು. ಅರ್ಧ ತಾಸಾಯಿತು. ಮುಕ್ಕಾಲು ತಾಸಾಯಿತು. ಹೆಡ್‌ಫೋನಿನಲ್ಲಿ ಇಂಜಿನ್ನಿನ ಗುಯ್‌ಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ.

“ಅಂಕಲ್, ಫೋನ್ ಮಾಡಿ ಕೇಳ್ಲಾ?” ಎಂದ ಸುಶಾಂತ.

“ಬ್ಯಾಡ” ಎಂದರು ರಾಯರು. “ಹಸಿವಿತ್ತೋ ಏನೋ. ಉಣ್ಣಲಿ.”

ವತ್ಸಲಾ ಚಹಾ ತಂದಿಟ್ಟು, ಕಿಟಕಿಯಂಥ ಪರದೆಯಲ್ಲಿ ಅಲ್ಲಾಡದೆ ನಿಂತ ಪೈನ್ ಮರಗಳನ್ನು ನೋಡಿ, “ಏನ್ರೀ ಇದು, ಹೋಗ್ತಾನೇ ಇಲ್ಲ?” ಎಂದರು. ರಾಯರು ಸಿಗ್ನಲ್ ಕಡೆ ಬೆರಳು ತೋರಿಸಿ, ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಚಹಾ ಕುಡಿದರು.